ಚುಕ್ಕೆ ಒತ್ತಿ, ಎಂಟರ್ ಒತ್ತಿ

ಅವತ್ತು ಬೆಳಿಗ್ಗೆ ಹತ್ತೂವರೆಗೆ ಫೋನ್ ಮಾಡಿದವರು ಲೆಕ್ಕದ ಮೇಷ್ಟ್ರು. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಎದುರಿಗಿರುವವರನ್ನು ಬೆಂಚಿನ ಮೇಲೆ ನಿಲ್ಲಿಸುವ ದನಿ ಇನ್ನೂ ಹಾಗೇ ಇತ್ತು. ಈಗ ಅವರು ಐದು ಮಹಡಿಯ ಒಂದು ಕಟ್ಟಡದ ಕಾರ್ಯದರ್ಶಿ. ಆ ಕಟ್ಟಡದ ಲಿಫ್ಟಿನ ಹಗ್ಗಗಳ ತಪಾಸಣೆ ವರದಿಯನ್ನು ಹಿಂದಿನ ವಾರವಷ್ಟೇ ನಾನು ಮುದ್ರಿಸಿ ಕಳಿಸಿದ್ದೆ.

"ಏನಮ್ಮಾ, ನಿಮ್ಮ ವರದಿಯಲ್ಲಿ ಹಗ್ಗದ ಉದ್ದ ಮೂವತ್ತಾರು ಮೀಟರ್ ಅಂತಿದೆ."

"ಇರಬಹುದು ಸಾರ್."

"ಇರೋಕಾಗಲ್ಲಮ್ಮ. ನಮ್ಮ ಕಟ್ಟಡ ನೀರಿನ ಟ್ಯಾಂಕೂ ಸೇರಿ ಹದಿನೆಂಟು ಮೀಟರ್. ಉಳಿದ ಹದಿನೆಂಟು ಮೀಟರ್ ನಮ್ಮ ಲಿಫ್ಟು ಎಲ್ಲಿಗೆ ಹೋಗಿಬರುತ್ತೆ? ಪಾತಾಳಕ್ಕಾ?"

ನಾನು ನಕ್ಕೆ. ಎಲ್ಲೋ ಒಂದು ಅಂಕಿ ಹೆಚ್ಚುಕಮ್ಮಿ ಆಗಿರಬೇಕು, ಸರಿ ಮಾಡಿ ಕಳಿಸುತ್ತೇನೆ ಎಂದೆ. ಅವರು ನಗಲಿಲ್ಲ. "ನೀವು ಸರಿ ಮಾಡೋವರೆಗೂ ಲಿಫ್ಟು ನಿಲ್ಲಿಸಿದೀನಿ," ಎಂದು ಫೋನ್ ಇಟ್ಟರು. ಒಂದು ಅಂಕಿಗೋಸ್ಕರ ಐದು ಮಹಡಿ ಜನರನ್ನು ಹತ್ತಿಸಿ ಇಳಿಸುವ ಮನುಷ್ಯ, ಇವರ ಕ್ಲಾಸಿನಲ್ಲಿ ಕೂತ ಮಕ್ಕಳ ಗತಿ ಏನಾಗಿತ್ತೋ ಎಂದುಕೊಂಡೆ.

ನನ್ನ ಸ್ವಭಾವವೇ ಹಾಗೆ. ಯಾವುದನ್ನೂ ನಿಧಾನವಾಗಿ ಮಾಡುವವರನ್ನು ಕಂಡರೆ ಮೈ ಉರಿಯುತ್ತದೆ. ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಇರುವುದಕ್ಕೂ ಪುರುಸೊತ್ತಿಲ್ಲದೆ ಮೂರು ವಾರ ಮೊದಲೇ ಹುಟ್ಟಿದವಳು ಎಂದು ಅಕ್ಕ ಈಗಲೂ ಆಡಿಕೊಳ್ಳುತ್ತಾಳೆ. ಅಮ್ಮ ಹೋದಮೇಲೆ ನನ್ನನ್ನು ಎತ್ತಿ ಆಡಿಸಿ ಸಾಕಿದವಳು ಅವಳು. ಹಾಗಾಗಿ ಆಡಿಕೊಳ್ಳುವ ಹಕ್ಕೂ ಅವಳದೇ.

ನಮ್ಮ ಆಫೀಸು ಎಂದರೆ ಟೈರ್ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆ. ರಬ್ಬರಿನ ವಾಸನೆ ಕಾಗದಕ್ಕೂ ಹತ್ತಿರುತ್ತದೆ. ಇರುವುದು ಮೂರೇ ಜನ. ಗಾಜಿನ ಗೋಡೆಯ ಆಚೆ ಯಜಮಾನರು, ಈಚೆ ಮುದ್ರಣ ಯಂತ್ರದ ಪಕ್ಕದಲ್ಲಿ ನಾನು, ಊರೆಲ್ಲ ತಿರುಗಿ ಲಿಫ್ಟಿನ ಹಗ್ಗ ಪರೀಕ್ಷೆ ಮಾಡುವವರು ಭಾವ. ಭಾವ ಎಂದರೆ ಅಕ್ಕನ ಗಂಡ. ನನಗೆ ಈ ಕೆಲಸ ಕೊಡಿಸಿದವರೂ ಅವರೇ.

ಭಾವ ಮೂವತ್ತು ವರ್ಷ ಹಗ್ಗ ನೋಡಿದ್ದು ಬಟ್ಟೆಯಿಂದ. ಅಂಗೈಯಲ್ಲಿ ಒಂದು ಹಳೇ ಹತ್ತಿಬಟ್ಟೆ ಹಿಡಿದು, ನಿಧಾನವಾಗಿ ಓಡುವ ಉಕ್ಕಿನ ಹಗ್ಗದ ಸುತ್ತ ಹಗುರವಾಗಿ ಬಿಗಿಯುತ್ತಿದ್ದರು. ಎಲ್ಲಾದರೂ ಒಂದು ತಂತಿ ಮುರಿದು ಮೊನೆ ಎದ್ದಿದ್ದರೆ ಬಟ್ಟೆ ಸಿಕ್ಕಿಕೊಂಡು ನೂಲು ಎಳೆಯುತ್ತಿತ್ತು. ಆದರೆ ಆ ರೀತಿಯಲ್ಲಿ ದಿನಕ್ಕೆ ಎರಡು ಲಿಫ್ಟು ಆದರೆ ಹೆಚ್ಚು. ಎರಡು ವರ್ಷದ ಹಿಂದೆ ಯಜಮಾನರು ಒಂದು ಉಪಕರಣ ತಂದರು. ಹಗ್ಗಗಳ ಸುತ್ತ ಅದನ್ನು ಕಚ್ಚಿಸಿದರೆ ಸಾಕು, ಅಯಸ್ಕಾಂತದ ಬಲದಿಂದ ಒಳಗಿನ ತಂತಿಗಳನ್ನೂ ಓದಿ ಲ್ಯಾಪ್‌ಟಾಪಿಗೆ ಬರೆಯುತ್ತಿತ್ತು. "ಇನ್ನು ಬಟ್ಟೆಗಿಟ್ಟೆ ಬೇಡ, ದಿನಕ್ಕೆ ಐದು ಮುಗಿಸಿ," ಎಂದರು.

ಲ್ಯಾಪ್‌ಟಾಪಿನಲ್ಲಿದ್ದ ಪ್ರೋಗ್ರಾಮು ಹಳೇ ಕಾಲದ್ದು. ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆ, ಅದರಲ್ಲಿ ಮಿಣುಕುವ ಒಂದು ಗೆರೆ. ಏನು ಬೇಕೋ ಅದನ್ನು ಟೈಪ್ ಮಾಡಿಯೇ ಹೇಳಬೇಕು. 'ರೀಡ್' ಎಂದು ಬರೆದು ಮುಂದೆ ಫೈಲಿನ ಹೆಸರು ಕೊಟ್ಟರೆ ಹಗ್ಗವನ್ನು ಓದಿ ಆ ಹೆಸರಿನಲ್ಲಿ ಇಡುತ್ತಿತ್ತು. ಮುಗಿದ ಮೇಲೆ 'ಎಂಡ್' ಎನ್ನಬೇಕು. ಆಮೇಲೆ 'ರಿಪೋರ್ಟ್' ಎಂದು ಬರೆದು ಅದೇ ಹೆಸರು ಕೊಟ್ಟರೆ ವರದಿ ಬರುತ್ತಿತ್ತು. ಹೆಸರೆಂದರೆ ಸಣ್ಣದಲ್ಲ. ಕಟ್ಟಡದ ಸಂಖ್ಯೆ, ಅಡ್ಡಗೆರೆ, ಲಿಫ್ಟಿನ ಸಂಖ್ಯೆ, ಅಡ್ಡಗೆರೆ, ತಾರೀಖು, ಅಡ್ಡಗೆರೆ, ತಪಾಸಣೆ ಮಾಡಿದವರ ಮೊದಲಕ್ಷರ. ಬೆರಳಿಗೆಲ್ಲ ಗ್ರೀಸು ಮೆತ್ತಿಕೊಂಡು, ಕತ್ತಲೆ ಕವಿದ ಮೋಟರ್ ಕೋಣೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಭಾವ ಒಂದೇ ಬೆರಳಿನಲ್ಲಿ ಅದನ್ನು ಕುಟ್ಟಬೇಕಿತ್ತು. ತಪಾಸಣೆಗೆ ಹೋದ ದಿನವೆಲ್ಲ ಐದು ಸಲ ನನಗೆ ಫೋನು.

"ಮೇಡಮ್ಮೋರೇ, ಅಡ್ಡಗೆರೆ ಎಲ್ಲಿದೆ?"

"ಸೊನ್ನೆ ಪಕ್ಕದಲ್ಲಿದೆ ಭಾವ. ನಿನ್ನೇನೂ ಅಲ್ಲೇ ಇತ್ತು."

ನನಗೆ ರೇಗಿಹೋಯಿತು. ಒಂದು ಮಧ್ಯಾಹ್ನ ಉಪಕರಣದ ಜೊತೆ ಬಂದಿದ್ದ ಏಳು ಹಾಳೆಯ ಪುಸ್ತಿಕೆ ತೆಗೆದು ಕೂತೆ. ಐದನೇ ಪುಟದಲ್ಲಿ ನಿಧಿ ಸಿಕ್ಕಿತು. 'ರೀಡ್' ಮುಂದೆ ಹೆಸರು ಕೊಡದಿದ್ದರೆ ಪ್ರೋಗ್ರಾಮು ತಾನೇ 'ನೋನೇಮ್' ಎಂಬ ಹೆಸರಿಟ್ಟು ಮುಂದೊಂದು ಸಂಖ್ಯೆ ಹಾಕಿಕೊಳ್ಳುತ್ತದೆ. 'ರಿಪೋರ್ಟ್' ಮುಂದೆ ಬರಿ ಒಂದು ಚುಕ್ಕೆ ಹಾಕಿದರೆ ಸಾಕು, ಕೊನೆಯ ಫೈಲಿನ ವರದಿ ಬರುತ್ತದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಪುಟ ತಿರುವಲಿಲ್ಲ.

"ಭಾವ, ಇನ್ಮೇಲೆ ನೀವು ಹೆಸರುಗಿಸರು ಬರೀಬೇಡಿ. ರೀಡ್ ಅನ್ನಿ, ಎಂಟರ್ ಒತ್ತಿ. ಓದಿದ್ಮೇಲೆ ಲ್ಯಾಪ್‌ಟಾಪ್ ಮುಚ್ಚಿಕೊಂಡು ಬಂದ್ಬಿಡಿ. ಸಂಜೆ ಒಂದೊಂದೇ ವರದಿ ನಾನು ತೆಗೀತೀನಿ. ಚುಕ್ಕೆ ಒತ್ತಿ, ಎಂಟರ್ ಒತ್ತಿದ್ರೆ ಆಯ್ತು."

"ಎಂಡ್ ಅಂತ ಹಾಕೋದು ಬೇಡ್ವಾ?"

"ಅದು ಉದ್ದ ದಾರಿಗೆ ಭಾವ. ಇದು ಅಡ್ಡ ದಾರಿ."

"ಒಂದೇ ದಿನ ಐದು ಓದಿದ್ರೆ, ಚುಕ್ಕೆಗೆ ಯಾವುದು ಅಂತ ಗೊತ್ತಾಗುತ್ತಾ?"

ಅವರು ಹಾಗೆ ಕೇಳಿದ್ದರು. ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಗೊತ್ತಾಗುತ್ತೆ ಬಿಡಿ, ಸರದಿ ಪ್ರಕಾರ ಬರುತ್ತೆ," ಎಂದಿದ್ದೆ. ಅದನ್ನು ನಾನು ಎಲ್ಲೂ ಓದಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದ್ದೆ.

ಅಂದಿನಿಂದ ಹದಿನಾಲ್ಕು ತಿಂಗಳು ಎಲ್ಲವೂ ಸರಾಗವಾಗಿ ನಡೆಯಿತು. ನಾನು ಚುಕ್ಕೆ ಒತ್ತುತ್ತಿದ್ದೆ, ಅಂದವಾದ ವರದಿ ಬರುತ್ತಿತ್ತು. ನಾಲ್ಕು ಹಗ್ಗಕ್ಕೆ ನಾಲ್ಕು ಗೆರೆ, ಕೆಳಗೆ "ಎಲ್ಲಾ ಹಗ್ಗಗಳೂ ಮಿತಿಯೊಳಗಿವೆ" ಎಂಬ ಸಾಲು. ಮೇಲೆ ಕಟ್ಟಡದ ಹೆಸರು ನಾನು ಸೇರಿಸುತ್ತಿದ್ದೆ. ತಿಂಗಳ ಕೊನೆಯ ಶನಿವಾರ ಭಾವ ಗಂಟೆ ನೋಡುತ್ತ ಕಟ್ಟಿಗೆ ಕಟ್ಟೇ ಸಹಿ ಮಾಡುತ್ತಿದ್ದರು. ಆ ವರದಿಗಳೆಲ್ಲ ಲಿಫ್ಟಿನ ಬಾಗಿಲ ಪಕ್ಕ ಗಾಜಿನ ಚೌಕಟ್ಟಿನೊಳಗೆ ಹೋಗಿ ಕೂತವು.

ಅವತ್ತು ಮೇಷ್ಟ್ರು ಫೋನ್ ಇಟ್ಟಮೇಲೆ ಅವರ ವರದಿಯ ಪ್ರತಿ ತೆಗೆದೆ. ಮೂವತ್ತಾರು ಮೀಟರ್, ನಿಜ. ಮೂರನೇ ಗೆರೆಯಲ್ಲಿ ಇಪ್ಪತ್ತೆರಡು ಮೀಟರಿನ ಹತ್ತಿರ ಒಂದು ಪುಟ್ಟ ಉಬ್ಬು, ಮೊಡವೆಯಷ್ಟು. ಆ ಮೊಡವೆಯನ್ನು ಎಲ್ಲೋ ನೋಡಿದ್ದೆ ಅನಿಸಿತು. ಪಕ್ಕದ ಕಡತ ಎಳೆದು ಇನ್ನೊಂದು ಕಟ್ಟಡದ ವರದಿ ನೋಡಿದೆ. ಅದರಲ್ಲೂ ಮೂವತ್ತಾರು ಮೀಟರ್, ಅದೇ ಮೂರನೇ ಗೆರೆ, ಅದೇ ಮೊಡವೆ. ಮತ್ತೊಂದು ತೆಗೆದೆ. ಆಮೇಲೆ ಮೇಜು ಸಾಲದೆ ನೆಲದ ಮೇಲೆ ಹರಡತೊಡಗಿದೆ. ಏಳು ಮಹಡಿಯದ್ದು, ನಾಲ್ಕು ಮಹಡಿಯದ್ದು, ಹದಿನಾರು ಮಹಡಿಯ ಆಸ್ಪತ್ರೆಯದ್ದು. ಬಾಗಿಲಿನಿಂದ ಕಿಟಕಿಯವರೆಗೆ ಅರವತ್ತು ಕಾಗದ, ಅರವತ್ತರಲ್ಲೂ ಒಂದೇ ಹಗ್ಗ.

ನನಗೆ ಭಯವಾಯಿತು. ಬೈಸಿಕೊಳ್ಳುವ ಭಯವಲ್ಲ. ಕಾಲ ಕೆಳಗಿನ ನೆಲ ಎಷ್ಟು ಗಟ್ಟಿ ಎಂದು ಮೊದಲ ಸಲ ಯೋಚಿಸುವವರ ಭಯ.

ಪುಸ್ತಿಕೆ ತೆಗೆದು ಐದನೇ ಪುಟ ತಿರುವಿದೆ. ಆರನೇ ಪುಟದ ಮೊದಲ ಸಾಲಿನಲ್ಲೇ ಇತ್ತು: ಚುಕ್ಕೆ ಎಂದರೆ ಕೊನೆಯ ಸಲ 'ಎಂಡ್' ಎಂದು ಹೇಳಿ ಮುಗಿಸಿದ ಫೈಲು. ಹಾಗೆ ಮುಗಿಸದೆ ಮುಚ್ಚಿದ ಓದುಗಳು 'ನೋನೇಮ್' ಆಗಿಯೇ ಬೇರೆ ಉಳಿಯುತ್ತವೆ, ಚುಕ್ಕೆಗೆ ಅವು ಕಾಣುವುದಿಲ್ಲ.

ಅಂದರೆ ಭಾವ ಕೊನೆಯ ಸಲ ಸರಿಯಾಗಿ ಮುಗಿಸಿದ ಫೈಲು ಯಾವುದೋ, ಹದಿನಾಲ್ಕು ತಿಂಗಳಿಂದ ನಾನು ಊರಿಗೆಲ್ಲ ಹಂಚಿದ್ದು ಅದೊಂದನ್ನೇ. ಅದರ ಹೆಸರು ಹುಡುಕಿದೆ. ಪೂರ್ತಿ ಹೆಸರು, ಅಡ್ಡಗೆರೆಗಳ ಸಮೇತ, ಒಂದೇ ಬೆರಳಿನಲ್ಲಿ ಕುಟ್ಟಿದ್ದು. ಓದಿದ ಕೂಡಲೇ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದೆ. ಅದು ಅಕ್ಕ ಭಾವ ಇರುವ ಕಟ್ಟಡದ್ದು. ಹನ್ನೊಂದು ಮಹಡಿ, ತುದಿಯ ಮನೆ ಅವರದು. ಇಡೀ ಊರಿನಲ್ಲಿ ನಿಜವಾಗಿ ಪರೀಕ್ಷೆಯಾದದ್ದು ನನ್ನ ಅಕ್ಕನ ಲಿಫ್ಟು ಒಂದೇ ಎಂದು ನನಗೆ ಜೀವ ಬಂದಂತಾಯಿತು. ಉಳಿದವರ ಯೋಚನೆ ಆ ಗಳಿಗೆಯಲ್ಲಿ ನನಗೆ ಬರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಾಗೇ ಇತ್ತು.

ಅಕ್ಕನಿಗೆ ಎರಡೂ ಮಂಡಿ ಆಪರೇಷನ್ ಆಗಿದೆ. ಮೆಟ್ಟಿಲು ಅವಳ ಪಾಲಿಗೆ ಇಲ್ಲ. ದಿನಾ ಸಂಜೆ ಐದಕ್ಕೆ ಸರಿಯಾಗಿ ಕೋಲು ಹಿಡಿದು ಲಿಫ್ಟಿನಲ್ಲಿ ಇಳಿದು, ಕೆಳಗಿನ ಅಂಗಳದಲ್ಲಿ ಇಪ್ಪತ್ತು ಸುತ್ತು ನಡೆದು, ಬೆಂಚಿನ ಮೇಲೆ ಕೂತು ಊರಿನ ಸುದ್ದಿಯನ್ನೆಲ್ಲ ತೂಕ ಹಾಕಿ ಆರಕ್ಕೆ ಹತ್ತುತ್ತಾಳೆ. ಡಾಕ್ಟರು ಹೇಳಿದ್ದು ನಡೆಯುವುದಷ್ಟೇ, ಸುದ್ದಿ ಅವಳದೇ ಸೇರ್ಪಡೆ.

ಸಮಾಧಾನ ಹತ್ತು ನಿಮಿಷವೂ ಉಳಿಯಲಿಲ್ಲ. ಆ ಓದು ಹದಿನಾಲ್ಕು ತಿಂಗಳ ಹಿಂದಿನದು. ವರ್ಷಕ್ಕೊಮ್ಮೆ ಆಗಬೇಕಾದ ಮರುಪರೀಕ್ಷೆ ಅವರ ಕಟ್ಟಡಕ್ಕೆ ಎರಡು ತಿಂಗಳ ಹಿಂದೆ ಆಗಿತ್ತು. ಅದರ ವರದಿಯೂ ನೆಲದ ಮೇಲೆ ಬಿದ್ದಿತ್ತು, ಅದೂ ಚುಕ್ಕೆಯದ್ದೇ. ಹಾಗಾದರೆ ಎರಡು ತಿಂಗಳ ಹಿಂದೆ ಉಪಕರಣ ನಿಜವಾಗಿ ಕಂಡದ್ದೇನು?

ನೋನೇಮ್ ಫೈಲುಗಳು ಎಂಬತ್ತಮೂರು ಇದ್ದವು. ಕೆಲವು ಕಡೆ ಭಾವ ಎರಡೆರಡು ಸಲ ಓದಿಸಿದ್ದರು, ಹಾಗಾಗಿ ಸರದಿ ಎಣಿಸಿ ಪ್ರಯೋಜನವಿರಲಿಲ್ಲ. ತಾರೀಖು ನೋಡೋಣವೆಂದರೆ ಲ್ಯಾಪ್‌ಟಾಪಿನ ಗಡಿಯಾರ ಕೆಟ್ಟು ಎಷ್ಟೋ ಕಾಲವಾಗಿತ್ತು, ಎಲ್ಲ ಫೈಲೂ ಒಂದೇ ದಿನ ಹುಟ್ಟಿದಂತೆ ತೋರಿಸುತ್ತಿತ್ತು. ಉಳಿದ ಗುರುತು ಒಂದೇ, ಉದ್ದ. ಕೊನೆಯಿಂದ ಹಿಂದಕ್ಕೆ ಒಂದೊಂದೇ ತೆರೆಯುತ್ತಾ ಬಂದೆ. ಆ ಹಳೇ ಯಂತ್ರ ಒಂದು ಫೈಲಿಗೆ ಕಾಲು ಗಂಟೆ ತಿನ್ನುತ್ತದೆ. ಹತ್ತೊಂಬತ್ತು ಮೀಟರ್. ಇಪ್ಪತ್ತೊಂಬತ್ತು. ಹದಿನಾರು, ಇದು ಮೇಷ್ಟ್ರದ್ದಿರಬೇಕು. ಊಟದ ಡಬ್ಬಿ ಬಿಚ್ಚಲೇ ಇಲ್ಲ.

ನಾಲ್ಕೂವರೆ ದಾಟಿದಾಗ ಮೂವತ್ತಾರು ಮೀಟರ್ ಬಂತು. ಮೂರನೇ ಗೆರೆಯಲ್ಲಿ ಇಪ್ಪತ್ತೆರಡರ ಬಳಿ ಮೊಡವೆ ಇದ್ದ ಜಾಗದಲ್ಲಿ ಈಗ ಹಲ್ಲುಗಳು ಎದ್ದಿದ್ದವು. ಒತ್ತೊತ್ತಾಗಿ, ಒಂದಕ್ಕಿಂತ ಒಂದು ಎತ್ತರ. ಎರಡನೇ ಗೆರೆಯಲ್ಲೂ ಅದೇ ಜಾಗದಲ್ಲಿ ಹಲ್ಲು. ನಾಲ್ಕನೆಯದರಲ್ಲೂ. ಕೆಳಗೆ ಪ್ರೋಗ್ರಾಮು ತನ್ನಷ್ಟಕ್ಕೆ ಬರೆದಿಟ್ಟಿತ್ತು: "ಮೂರು ಹಗ್ಗಗಳು ಮಿತಿ ಮೀರಿವೆ. ಕೂಡಲೇ ನಿಲ್ಲಿಸಿ." ಎರಡು ತಿಂಗಳಿಂದ ಅದು ಹಾಗೆ ಹೇಳುತ್ತಾ ಕೂತಿತ್ತು. ಯಾರೂ ಹೆಸರು ಹಿಡಿದು ಕೇಳಿರಲಿಲ್ಲ, ಅಷ್ಟೇ.

ಭಾವನಿಗೆ ಫೋನ್ ಮಾಡಿದೆ. ಅವರು ಉಪಕರಣದ ವೈರು ಬೆಸುಗೆ ಹಾಕಿಸಲು ಹೋಗಿದ್ದರು, ಅಂಗಡಿಯ ಗಲಾಟೆಯಲ್ಲಿ ಕೇಳಿಸಲಿಲ್ಲವೇನೋ, ಎತ್ತಲಿಲ್ಲ. ಅಕ್ಕನಿಗೆ ಮಾಡಿದೆ. ಅವಳ ಫೋನು ಯಾವತ್ತೂ ಅಡುಗೆಮನೆಯಲ್ಲಿ, ಅವಳು ಯಾವತ್ತೂ ಹಜಾರದಲ್ಲಿ. ಕೊನೆಗೆ ಅವರ ಕಟ್ಟಡದ ವಾಚ್‌ಮನ್ನಿಗೆ ಮಾಡಿದೆ.

"ಲಿಫ್ಟ್ ನಿಲ್ಲಿಸಿ. ಈಗಲೇ. ಹಗ್ಗ ಕೆಟ್ಟಿದೆ."

"ಯಾರು ಹೇಳಿದ್ದು?"

"ನಾನು ಹೇಳ್ತಿದೀನಲ್ಲ, ತಪಾಸಣೆ ಆಫೀಸಿಂದ."

"ತಪಾಸಣೆ ಆಗಿದೆಯಲ್ಲಮ್ಮ. ವರದಿ ಇಲ್ಲೇ ಕಣ್ಣೆದುರಿಗಿದೆ. ಎಲ್ಲಾ ಮಿತಿಯೊಳಗಿದೆ ಅಂತ ನಿಮ್ಮ ಆಫೀಸಿನ ಮೊಹರೇ ಇದೆ. ಹನ್ನೊಂದನೇ ಮಹಡಿಯವರದ್ದೇ ಸಹಿ. ಫೋನಲ್ಲಿ ಯಾರೋ ಹೇಳಿದ್ರು ಅಂತ ನಿಲ್ಲಿಸಿದ್ರೆ ನನ್ನ ಕೆಲಸ ಹೋಗುತ್ತೆ."

ನನ್ನ ಕಾಗದವೇ ನನಗೆ ಎದುರು ನಿಂತಿತ್ತು. ಲ್ಯಾಪ್‌ಟಾಪನ್ನು ಬಗಲಿಗೆ ಅವುಚಿಕೊಂಡು ಓಡಿದೆ. ಗಾಜಿನ ಗೋಡೆಯ ಆಚೆಯಿಂದ ಯಜಮಾನರು ಏನೋ ಕೂಗಿದರು, ನಿಲ್ಲಲಿಲ್ಲ.

ಎರಡು ಬಸ್ ನಿಲ್ದಾಣದ ದೂರ. ಬಸ್ಸಿಗೆ ಕಾಯುವಷ್ಟು ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ, ಅವತ್ತು ಮೊದಲೇ ಇಲ್ಲ. ದಾರಿಯುದ್ದಕ್ಕೂ ತಲೆಯೆತ್ತಿ ಕಟ್ಟಡಗಳನ್ನು ನೋಡುತ್ತಾ ಓಡಿದೆ. ಇದು ನಮ್ಮದು, ಅದೂ ನಮ್ಮದು, ಆ ಮೂಲೆಯ ಬಟ್ಟೆ ಅಂಗಡಿಯೂ ನಮ್ಮದೇ. ಒಳಗೆ ಜನ ಹತ್ತಿ ಇಳಿಯುತ್ತಿದ್ದರು. ಲಿಫ್ಟಿನ ಸುರಕ್ಷೆಯ ಬ್ರೇಕ್ ಬಗ್ಗೆ ಭಾವ ಒಂದು ತಮಾಷೆ ಮಾಡುವುದುಂಟು, ಹಗ್ಗ ಹರಿದರೆ ಹಿಡಿಯುವುದಕ್ಕೆ ಒಂದು ಬ್ರೇಕಿದೆ, ಆದರೆ ಅದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಗೊತ್ತಾಗುವುದು ಹರಿದ ದಿನವೇ ಎಂದು. ಊಟದ ಹೊತ್ತಿನಲ್ಲಿ ಎಷ್ಟು ಸಲ ನಕ್ಕಿದ್ದೆವೋ.

ಒಳಗೆ ಕಾಲಿಟ್ಟಾಗ ಐದಕ್ಕೆ ಒಂದೋ ಎರಡೋ ನಿಮಿಷ. ಲಿಫ್ಟಿನ ಬಾಗಿಲ ಮೇಲೆ ಕೆಂಪು ಅಂಕಿ ಹನ್ನೊಂದು ತೋರಿಸುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಅದು ಹತ್ತಾಯಿತು.

"ನಿಲ್ಸೀ!" ಎಂದು ಕಿರುಚಿದೆ.

ವಾಚ್‌ಮನ್ ಎದ್ದು ನಿಂತ. "ನಡುವೆ ನಿಲ್ಸಿದ್ರೆ ಒಳಗಿದ್ದೋರು ಸಿಕ್ಕಾಕ್ಕೋತಾರಮ್ಮಾ."

ಅವನು ಹೇಳಿದ್ದು ಸರಿಯಿತ್ತು. ಝಟಕಾ ಕೊಟ್ಟು ನಿಲ್ಲಿಸಿದರೆ ಆ ಹಗ್ಗಕ್ಕೆ ಇನ್ನೂ ಅಪಾಯ. ಮಾಡಲು ಏನೂ ಉಳಿದಿರಲಿಲ್ಲ. ಒಂಬತ್ತು. ಎಂಟು. ಇಪ್ಪತ್ತೆರಡು ಮೀಟರ್ ಎಂದರೆ ಎಷ್ಟನೇ ಮಹಡಿ ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿತು. ಏಳು. ಮೇಲೆಲ್ಲೋ 'ಟಕ್' ಎಂದಿತು. ಚಿಲಕ ಬಿದ್ದಷ್ಟೇ ಸದ್ದು. ಅಂಕಿ ಏಳರಲ್ಲೇ ಸ್ವಲ್ಪ ಹೊತ್ತು ನಿಂತಂತೆ ಕಂಡಿತು, ಅಥವಾ ನನಗೆ ಹಾಗನಿಸಿತು. ಆಮೇಲೆ ಆರು ಬಂತು. ಐದು, ನಾಲ್ಕು, ಮೂರು. ನನ್ನ ಕೈ ಗಾಜಿನ ಚೌಕಟ್ಟಿನ ಮೇಲಿತ್ತು, ಒಳಗೆ ನಾನೇ ಟೈಪ್ ಮಾಡಿದ ಅಕ್ಷರ.

ಬಾಗಿಲು ತೆರೆಯಿತು. ಅಕ್ಕ ಒಬ್ಬಳೇ ಇದ್ದಳು. ಕೋಲು ಮುಂದಿಟ್ಟು ಮೆಲ್ಲಗೆ ಹೊರಗೆ ಬಂದಳು.

"ಏನೇ ಚಿಕ್ಕೀ, ಇಷ್ಟು ಬೇಗ? ಕೆಲಸ ಬಿಡಿಸಿದ್ರಾ?"

ಅವಳನ್ನು ಅಪ್ಪಿಕೊಂಡು ಅತ್ತೆ. ಅವಳ ಕೋಲು ಬಿದ್ದುಹೋಯಿತು. ಬಾಗಿಲು ಮುಚ್ಚಲು ಹೊರಟದ್ದು ಕಂಡು, ಅವಳನ್ನು ಗೋಡೆಗೆ ಒರಗಿಸಿ ಹೋಗಿ ಹೊಸ್ತಿಲಿನಲ್ಲಿ ನಿಂತೆ. ಬಾಗಿಲು ನನ್ನ ಭುಜಕ್ಕೆ ಬಡಿದು ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ನಾನು ಇಲ್ಲಿ ನಿಂತಿರುವಷ್ಟು ಹೊತ್ತು ಈ ಲಿಫ್ಟು ಎಲ್ಲಿಗೂ ಹೋಗುವುದಿಲ್ಲ ಎಂಬುದೊಂದೇ ನನಗೆ ಗೊತ್ತಿದ್ದದ್ದು. ಅಲ್ಲಿಂದಲೇ ಅಕ್ಕನಿಗೆ ಎಲ್ಲ ಹೇಳಿದೆ. ಚುಕ್ಕೆಯಿಂದ ಹಿಡಿದು ಹಲ್ಲುಗಳವರೆಗೆ.

ಅವಳು ಬೈಯಲಿಲ್ಲ. "ಹದಿನೈದು ದಿನದಿಂದ ಏಳನೇ ಮಹಡೀಲಿ ಟಕ್ ಅಂತಿದೆ ಕಣೇ. ನಿಮ್ಮ ಭಾವಂಗೆ ಹೇಳ್ದೆ. ವರದಿ ಚೆನ್ನಾಗಿ ಬಂದಿದೆ, ನಿನ್ನ ಕಿವೀನೇ ತೋರಿಸ್ಬೇಕು ಅಂದ್ರು."

ಹತ್ತಲು ಬಂದ ಜನ ಸೇರಿದರು, ವಾಚ್‌ಮನ್ ಗದರಿದ. ಅಕ್ಕ ಅವನ ಕುರ್ಚಿಯನ್ನೇ ಎಳೆದುಕೊಂಡು ನನ್ನ ಜಾಗದಲ್ಲಿ ಹಾಕಿ ಕೂತಳು. "ನನ್ನ ಎರಡು ಹೊಸ ಮಂಡಿ ದಾಟಿಕೊಂಡು ಯಾರು ಒಳಗೆ ಹೋಗ್ತೀರೋ ಹೋಗಿ," ಎಂದಳು. ಯಾರೂ ಹೋಗಲಿಲ್ಲ.

ಐದೂ ಮುಕ್ಕಾಲಿಗೆ ಭಾವ ಬಂದರು. ನಾನು ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಅವರು ಹನ್ನೊಂದು ಮಹಡಿ ಹತ್ತಿ ಮೋಟರ್ ಕೋಣೆಗೆ ಹೋದರು. ಅರ್ಧ ಗಂಟೆಯ ನಂತರ ಇಳಿದು ಬಂದವರು ಲಿಫ್ಟಿನ ಮುಖ್ಯ ಸ್ವಿಚ್ಚಿನ ಬೀಗದ ಕೈಯನ್ನು ವಾಚ್‌ಮನ್ನಿನ ಮೇಜಿನ ಮೇಲೆ ಇಡದೆ ತಮ್ಮ ಜೇಬಿಗೇ ಹಾಕಿಕೊಂಡರು. ಅವರ ಇನ್ನೊಂದು ಕೈಯಲ್ಲಿ ಅವರದೇ ಕರವಸ್ತ್ರವಿತ್ತು. ಅದು ಚಿಂದಿಯಾಗಿತ್ತು, ನೂಲು ನೂಲಾಗಿ ಬೆರಳಿಗೆ ಸುತ್ತಿಕೊಂಡಿತ್ತು.

"ಬಟ್ಟೆ ಬಿಟ್ಟಿದ್ದು ತಪ್ಪಾಯ್ತು," ಎಂದರು. ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಯಜಮಾನರ ಫೋನು. ನೆಲದ ಮೇಲಿನ ಕಾಗದಗಳನ್ನು ಅವರೂ ನೋಡಿದ್ದರು, ಅವರಿಗೂ ಅರ್ಥವಾಗಿತ್ತು. "ಯಾರಿಗೂ ಫೋನು ಗೀನು ಮಾಡ್ಬೇಡ," ಎಂದರು. "ಗಾಬರಿ ಎಬ್ಬಿಸಿದ್ರೆ ನಾವು ಮೂರೂ ಜನ ಬೀದಿಗೆ. ನಾಳೆಯಿಂದ ದಿನಕ್ಕೆ ಐದೈದು ಸದ್ದಿಲ್ಲದೆ ಮತ್ತೆ ಓದಿಸಿಬಿಡೋಣ. ಹನ್ನೆರಡು ದಿನದ ಕೆಲಸ. ಇಷ್ಟು ದಿನ ಏನೂ ಆಗಿಲ್ವಲ್ಲ?"

ಆಯ್ತು ಸಾರ್ ಎಂದೆ. ನಿಜ ಹೇಳುತ್ತೇನೆ, ಆಯ್ತು ಎಂದಾಗ ನನಗೆ ಹಗುರವೇ ಆಯಿತು. ಅಕ್ಕ ನೆಲದ ಮೇಲಿದ್ದಳು, ಇನ್ನೇನು ಬೇಕು?

ಅವಳು ತನ್ನ ಮನೆಗೆ ಹತ್ತುವಂತಿರಲಿಲ್ಲ. ಮೂರು ಬೀದಿ ಆಚೆಗಿರುವ ನನ್ನ ಒಂಟಿ ಕೋಣೆಗೆ ನಿಧಾನವಾಗಿ ನಡೆಸಿಕೊಂಡು ಬಂದೆವು. ಭಾವ ಹೊರಗೆ ಕಟ್ಟೆಯ ಮೇಲೆ ತಲೆ ಹಿಡಿದು ಕೂತರು. ಅಕ್ಕ ನನ್ನ ಮಂಚದ ಮೇಲೆ ಕಾಲು ಚಾಚಿ, ಯೋಚಿಸಿ, ಕೇಳಿದಳು.

"ಚಿಕ್ಕೀ, ಆ ಕಟ್ಟಡದಲ್ಲಿ ನಾನಿಲ್ದಿದ್ರೆ ಇವತ್ತು ಹಾಗೆ ಓಡಿ ಬರ್ತಿದ್ಯಾ?"

ನಾನು ಅವಳ ಕೋಲನ್ನು ಗೋಡೆಗೆ ಒರಗಿಸಿದೆ. ಅವಳು ಬಿಡಲಿಲ್ಲ.

"ಉಳಿದ ಕಡೆ ಯಾರದೂ ಅಕ್ಕ ಇಲ್ವಾ?"

ಯಜಮಾನರಿಗೆ ಕೊಟ್ಟ ಮಾತು ಮುರಿಯುವುದೆಂದು ಅಲ್ಲೇ ತೀರ್ಮಾನಿಸಿದೆ. ಅಕ್ಕನದೂ ಮೇಷ್ಟ್ರದೂ ಬಿಟ್ಟರೆ ಐವತ್ತೆಂಟು ಕಟ್ಟಡ. ಪಟ್ಟಿ ನನ್ನ ಫೋನಿನಲ್ಲೇ ಇತ್ತು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಮುಂದಿನ ನೋನೇಮ್ ತೆರೆಯಲು ಹಾಕಿ, ಒಂದೊಂದೇ ಕಟ್ಟಡಕ್ಕೆ ಫೋನ್ ಮಾಡುತ್ತಾ ಬಂದೆ. ಅಕ್ಕ ನನ್ನ ಪೆಟ್ಟಿಗೆಯಿಂದ ಹಳೇ ಹೊದಿಕೆ ತೆಗೆದು ಉದ್ದುದ್ದ ಹರಿಯತೊಡಗಿದಳು. ಕೇಳಿದ್ದಕ್ಕೆ, "ನಿಮ್ಮ ಭಾವಂಗೆ ಬಟ್ಟೆ ಬೇಡ್ವಾ? ಐವತ್ತೆಂಟು ತಾನೆ?" ಎಂದಳು.

ಇಪ್ಪತ್ತು ಕಡೆ ನಿಲ್ಲಿಸುತ್ತೇವೆಂದರು. ಇಪ್ಪತ್ತಮೂರು ಕಡೆ ಒಂದೇ ಮಾತು, "ನಿಮ್ಮದೇ ವರದಿ ಇಲ್ಲಿ ತೂಗುಹಾಕಿದೀವಲ್ಲ, ಎಲ್ಲಾ ಮಿತಿಯೊಳಗಿದೆ ಅಂತ." ಅವರಲ್ಲೊಬ್ಬರು ನನ್ನ ಹೆಸರು ಬರೆದುಕೊಂಡು ದೂರು ಕೊಡುವುದಾಗಿ ಹೇಳಿದರು. ಹದಿನೈದು ಕಡೆ ಫೋನ್ ಎತ್ತಲಿಲ್ಲ.

ಒಂಬತ್ತು ಗಂಟೆಯ ಸುಮಾರಿಗೆ ಪರದೆಯ ಮೇಲೆ ಒಂದು ಫೈಲು ಪೂರ್ತಿ ತೆರೆದುಕೊಂಡಿತು. ಇಪ್ಪತ್ತೊಂಬತ್ತು ಮೀಟರ್. ನಾಲ್ಕೂ ಗೆರೆಗಳ ತುಂಬ ಹಲ್ಲು, ಅಕ್ಕನ ಹಗ್ಗವೇ ವಾಸಿ ಎನ್ನಿಸುವಷ್ಟು. ಇಪ್ಪತ್ತೊಂಬತ್ತು ಮೀಟರ್ ಎಂದರೆ ಒಂಬತ್ತು ಮಹಡಿ. ನಮ್ಮ ಪಟ್ಟಿಯಲ್ಲಿ ಒಂಬತ್ತು ಮಹಡಿಯ ಕಟ್ಟಡ ನಾಲ್ಕಿದ್ದವು. ಮೂರು ಕಡೆ ಆಗಲೇ ನಿಲ್ಲಿಸಿದ್ದರು. ನಾಲ್ಕನೆಯದು, ಫೋನ್ ಎತ್ತದಿದ್ದ ಹದಿನೈದರಲ್ಲಿ ಒಂದು.

ಮತ್ತೆ ಮಾಡಿದೆ. ಗಂಟೆ ಹೊಡೆದುಕೊಳ್ಳುತ್ತಾ ಹೋಯಿತು. ಅಕ್ಕ ಹರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಇನ್ನೇನು ಕಟ್ಟಾಗಬೇಕು, ಅಷ್ಟರಲ್ಲಿ ಯಾರೋ ಹೆಂಗಸು ಎತ್ತಿದರು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಹಲೋ? ಕಾರ್ಯದರ್ಶಿಯವರ ಮನೆಯವರು ಮಾತಾಡ್ತಿರೋದು. ಸ್ವಲ್ಪ ಜೋರಾಗಿ ಹೇಳ್ತೀರಾ? ಲಿಫ್ಟಲ್ಲಿದೀವಿ, ಸರಿಯಾಗಿ ಕೇಳಿಸ್ತಿಲ್ಲ."

"ಎಷ್ಟನೇ ಮಹಡೀಲಿದೀರಾ?" ಎಂದೆ.